ಮೂರು ಮೋಟರು, ಎರಡು ಮೊಣಕಾಲು

ನನ್ನ ಮೊದಲ ವಿಡಿಯೋ ನೋಡಿ ಅಕ್ಕನ ಮಗ ಕೇಳಿದ:
‘ಚಿಗವ್ವಾ, ಅವತ್ತ ಭೂಕಂಪ ಆಗಿತ್ತೇನ?’
ಅದು ಇಬ್ರಾಹಿಂ ರೋಜಾ.
ನಾಕುನೂರು ವರ್ಷ ಅಲುಗದೆ ನಿಂತದ್ದನ್ನ
ನಾಕು ನಿಮಿಷದಾಗ ಅಲುಗಿಸಿ ಬಂದಿದ್ದೆ ನಾನು.

ಹಂಗಾಗಿ ಈ ತಿಂಗಳ ಓಟಿ ರೊಕ್ಕ,
ಐದುಸಾವಿರದ ಎರಡುನೂರು, ಎಣಿಸಿ ತಗೊಂಡು
ಗಾಂಧಿ ಚೌಕಿನ ಹಿಂದಿನ ಸಂದಿಯಾಗ
ತೌಸೀಫನ ಅಂಗಡಿ ಮೆಟ್ಟಲ ಹತ್ತಿದೆ.
ಖಾಕಿ ಬಿಚ್ಚಿರಲಿಲ್ಲ ಇನ್ನೂ,
ಹೆಗಲ ಮ್ಯಾಲೆ ಚೀಲದ ಪಟ್ಟಿ ಒತ್ತಿದ ಗೆರಿ ಹಂಗ ಇತ್ತು.

ಗಾಜಿನ ಮ್ಯಾಲೆ ಮೂರು ಹರವಿದ.
ಒಂಬೈನೂರರದು ಬರೇ ಹಿಡಿಕಿ.
ತುದಿಗೆ ಫೋನು ಕಚ್ಚಿಸಿದರ
ಕೈಯ ನಡುಕ ಕೋಲಿನ ನಡುಕ ಆಗತೈತಿ, ಅಷ್ಟ.
ಇನ್ನೊಂದಕ್ಕ ಒಂದ ಮೋಟರು:
ಬಲಕ್ಕ ವಾಲಿದರ ಎಡಕ್ಕ ಎಳೀತೈತಿ,
ಮುಂದಕ್ಕ ಮುಗ್ಗರಿಸಿದರ ಸುಮ್ಮ ನೋಡತೈತಿ
ನಮ್ಮ ಡಿಪೋ ಮ್ಯಾನೇಜರನಂಗ.
ಮೂರನೇದಕ್ಕ ಮೂರು ಮೋಟರು, ಏಳುಸಾವಿರದ ಮ್ಯಾಲೆ.
ಕೈ ಹೆಂಗರ ತಿರುವು, ಫೋನು ಮಾತ್ರ
ರೆಕ್ಕಿ ಹಿಡಿದು ಎತ್ತಿದ ಕೋಳಿಯ ತಲಿ ಹಂಗ
ಇದ್ದಲ್ಲೇ ಇರತೈತಿ.

‘ನಿಮ್ಮ ಫೋನಿನ ತೂಕ ಎಷ್ಟ್ರಿ?’
ಹನ್ನೊಂದು ವರ್ಷ ಮಂದಿಯ ಲಗೇಜಿನ ತೂಕ ಕೇಳಿದಾಕಿ ನಾನು,
ನನ್ನನ್ನ ಯಾರೂ ಕೇಳಿರಲಿಲ್ಲ.
ಪಕ್ಕದ ಬೆಳ್ಳಿ ಅಂಗಡಿಯಿಂದ ತಕ್ಕಡಿ ತರಿಸಿದ.
ಕವರು ತಗದ, ಕವರಿನ ಹಿಂದ ಮಡಚಿಟ್ಟ ಹತ್ತರ ನೋಟು ತಗದ.
ಇನ್ನೂರಾ ಹದಿನಾಲ್ಕು ಗ್ರಾಂ.
ಅಗ್ಗದವು ಇಷ್ಟು ಹೊರೂದಿಲ್ಲಂತ,
ತಲಿ ಬಾಗಿಸಿ ಗುಂಯ್ ಅಂತಾವಂತ.

‘ಹೋದ ವರ್ಷದ ಮಾಡೆಲ್ ಒಂದೈತಿ. ಮೂರೂ ಮೋಟರು.
ಡಬ್ಬಿ ಹರದೈತಿ ಅಂತ ನಾಕುಸಾವಿರದ ಎಂಟುನೂರು.
ಆದ್ರ ಅಕ್ಕಾರ, ಮೊದಲ ಹೇಳಿಬಿಡ್ತೇನಿ,
ವಾಲೂದು ತಡೀತೈತಿ ಇದು, ತಿರುಗೂದು ತಡೀತೈತಿ.
ಹೆಜ್ಜಿ ಇಟ್ಟಾಗ ಏರಿಳಿಯೋದನ್ನ ತಡಿಯಂಗಿಲ್ಲ.
ಅದಕ್ಕ ಮೊಣಕಾಲು ಸಡಿಲ ಬಿಟ್ಟು ನಡೀಬೇಕು.
ಒಂದ ಆರು ತಿಂಗಳು ರೂಢಿ ಬೇಕಾಗತೈತಿ.’

ಆರು ತಿಂಗಳಾ?

ಹಿಡಿಕಿ ಇಸಕೊಂಡೆ.
ಚಾರ್ಜರಿನ ರಾಶಿಯಿಂದ ಬಾಗಿಲ ತನಕ,
ಬಾಗಿಲಿಂದ ಹೊರಗ, ಚರಂಡಿಯ ಕಲ್ಲು ದಾಟಿ,
ಬಾಳೆಹಣ್ಣಿನ ಗಾಡಿ ಸುತ್ತಿ, ತಿರುಗಿ ಬಂದೆ.
ತೌಸೀಫ ನೋಡಿದ. ಮತ್ತೊಮ್ಮೆ ನೋಡಿದ.
ನೀರಿನ ಮ್ಯಾಲೆ ಎಣ್ಣಿ ಸರದಂಗ ಸರದಿತ್ತು ಆ ಸಂದಿ.
‘ಎಲ್ಲಿ ಕಲ್ತ್ರಿ?’
‘ಮುದ್ದೇಬಿಹಾಳ ರೂಟಿನಾಗ.
ಒಂದು ಕೈಯಾಗ ಟಿಕೇಟ್ ಮಷೀನು, ಒಂದು ಕೈಯಾಗ ಚಿಲ್ಲರೆ.
ಹಿಡಕೊಳ್ಳೋದು ಯಾತರಿಂದ ಅಂದಿ, ತಮ್ಮಾ?’

ನೂರು ಬಿಟ್ಟ. ಚಹಾ ತರಿಸಿದ.

ಐತವಾರ ರಜೆ. ಬಾಗಲಕೋಟಿ ಬಸ್ಸು, ಕಿಟಕಿ ಸೀಟು.
ಕೊಲ್ಹಾರದ ಸೇತುವಿಯನ್ನ ಮೊದಲ ಸಲ
ಕುಂತು ನೋಡಿದೆ.
ಇಷ್ಟಗಲ ಐತೇನ ಕೃಷ್ಣಾ!
ನಿಂತಾಗ ಕಿಟಕಿಯಾಗ ಬರೇ ನೀರಿನ ಒಂದು ಪಟ್ಟಿ ಕಾಣತಿತ್ತು,
ಉಳಿದದ್ದೆಲ್ಲಾ ಮಂದಿಯ ತಲಿ.
ಹಿಡಿಕಿ ತನ್ನಷ್ಟಕ್ಕ ಗುಂಯ್‌ಗುಡತಾ
ಬಸ್ಸಿನ ಕುಲುಕೆಲ್ಲಾ ನುಂಗಿ
ನದಿಯನ್ನ ನದಿಯಂಗ ಇಟ್ಟಿತ್ತು.

ಯಾಕೋ ಫೋನು ಒಳಗ ತಿರುಗಿಸಿದೆ.
ಹೊಸ ಕಂಡಕ್ಟರ್ ಹುಡುಗಿ, ಇಸ್ತ್ರಿ ಮುರಿಯದ ಖಾಕಿ.
ಸ್ಕ್ರೀನಿನಾಗ ಬಸ್ಸು ನಿಂತಂಗ ಇತ್ತು,
ಆಕಿ ಒಬ್ಬಾಕಿ ಓಲಾಡತಿದ್ದಳು.
ಕಂಬಿ ಬಿಟ್ಟರ ಬೀಳತೇನಿ ಅನ್ನೋ ಹಂಗ ಬಿಗಿ ಹಿಡಿದ ಬೆರಳು,
ಮೊಣಕಾಲು ಕೋಲಿನಂಗ ನೆಟ್ಟಗ.

‘ಸಡಿಲ ಬಿಡವ್ವಾ’ ಅನ್ನಬೇಕಂದೆ.
ಅಷ್ಟರಾಗ ಮುಂದ ಬಂದು ನಿಂತಳು:
‘ಆಧಾರ್ ತೋರಸ್ರಿ, ಲಗೂನ.’
ಸೊನ್ನೆ ರೂಪಾಯಿಯ ಟಿಕೇಟು ಹರದು ಕೈಗಿಟ್ಟಳು.
ಆ ವಿಡಿಯೋದಾಗ ಸೇತುವಿಯ ಕಡೀ ಅರ್ಧ ಇಲ್ಲ.